'ಲೈನ್' ಅಂದ್ರೆ ನಿಮ್ಮ ಕಡೆ ಏನು? ಆಸ್ಪತ್ರೆಯಲ್ಲಿ ಅಪ್ಪ ಕೇಳಿದ ಪ್ರಶ್ನೆ

ರಾಗಿಕಲ್ಲು:
ಹೋದ ತಿಂಗಳು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಈಗ ಆರಾಮಾಗಿದ್ದಾರೆ, ಮನೆಗೆ ಬಂದಿದ್ದಾರೆ. ಆದ್ರೆ ಎರಡನೇ ದಿನ ರಾತ್ರಿ ನಡೆದದ್ದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಸಿಸ್ಟರ್ ಬಂದು ಅಪ್ಪನ ಕೈ ನೋಡಿ, "ತಾತ, ಲೈನ್ ಹೋಗಿದೆ, ಬೇರೆ ಲೈನ್ ಹಾಕ್ಬೇಕು" ಅಂದರು. ಅಪ್ಪ ಮೇಲೆ ನೋಡಿದರು. ಫ್ಯಾನ್ ತಿರುಗುತ್ತಾ ಇತ್ತು. "ಎಲ್ಲಮ್ಮ ಹೋಗಿದೆ? ಕರೆಂಟ್ ಇದೆಯಲ್ಲ" ಅಂದರು. ಸಿಸ್ಟರ್‌ಗೆ ಇನ್ನೂ ಹತ್ತು ಜನ ರೋಗಿಗಳು ಕಾಯ್ತಿದ್ರು. "ಕೈ ಆಡಿಸ್ಬೇಡಿ ತಾತ" ಅಂತ ಸೂಜಿ ತೆಗೆದರು. ಅಪ್ಪ ಕೈ ಎಳೆದುಕೊಂಡರು. ಮೂವತ್ತು ವರ್ಷ ಪಂಪ್‌ಸೆಟ್ ಜೊತೆ ಬದುಕಿದವರು ಅವರು. ಲೈನ್ ಹಾಕೋದು ಅಂದ್ರೆ ಅವರಿಗೆ ಕಂಬದಿಂದ ತಂತಿ ಎಳೆಯೋದು. ಬೆಳಗ್ಗೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ನನ್ನ ಕೈಗೆ ಯಾಕಪ್ಪ ಲೈನ್ ಎಳೀತಾರೆ?" ಇಡೀ ರಾತ್ರಿ ಅದೇ ಭಯದಲ್ಲಿ ಮಲಗಿದ್ದಾರೆ.

ಆಮೇಲೆ ನಾನು, ನನ್ನ ತಂಗಿ ಕೂತು ಎಣಿಸಿದೆವು. ಕರೆಂಟ್ ಲೈನ್, ಫೋನ್ ಲೈನ್, ರೈಲ್ವೆ ಲೈನ್, ಪೈಪ್‌ಲೈನ್, ರೇಷನ್ ಅಂಗಡಿ ಮುಂದಿನ ಲೈನ್, ನೋಟ್‌ಬುಕ್ ಲೈನ್, "ಆ ಲೈನ್‌ನಲ್ಲಿ ದುಡ್ಡಿಲ್ಲ" ಅನ್ನೋವಾಗಿನ ಲೈನ್, "ಲೈನಿಗೆ ಬಾ" ಅನ್ನೋವಾಗಿನ ಲೈನ್. ನಿಮ್ಮ ಕೆಲಸದಲ್ಲಿ, ನಿಮ್ಮ ಊರಲ್ಲಿ ಲೈನ್ ಅಂದ್ರೆ ಏನು? ಮತ್ತೆ ಇದಕ್ಕೆ ಬೇರೆ ಪದ ಬಳಸಬೇಕಾ ಬೇಡ್ವಾ? ನಿಜವಾಗಿ ತಿಳಿದುಕೊಳ್ಳೋಕೆ ಕೇಳ್ತಿದ್ದೇನೆ.

ಬೆಳಗಿನ ಪಾಳಿ:
ನಾನು ನರ್ಸ್. ಓದಿ ಸಂಕಟ ಆಯ್ತು. ನಾವು ದಿನಕ್ಕೆ ನೂರು ಸಲ ಈ ಪದ ಹೇಳುತ್ತೇವೆ. ಐವಿ ಲೈನ್, ಸೆಂಟ್ರಲ್ ಲೈನ್, ಆರ್ಟೀರಿಯಲ್ ಲೈನ್. "ಲೈನ್ ಸಿಗ್ತಿಲ್ಲ" ಅಂದ್ರೆ ನರ ಸಿಗ್ತಿಲ್ಲ ಅಂತ. "ಲೈನ್ ಹೋಗಿದೆ" ಅಂದ್ರೆ ಒಳಗಿನ ಟ್ಯೂಬ್ ಜರುಗಿದೆ, ಔಷಧಿ ನರದ ಹೊರಗೆ ಸೋರಿ ಕೈ ಊದ್ತಿದೆ, ಇಲ್ಲಾಂದ್ರೆ ಬ್ಲಾಕ್ ಆಗಿದೆ ಅಂತ. ನಮ್ಮ ನಮ್ಮಲ್ಲಿ ಆಡೋ ಮಾತು ರೋಗಿಯ ಮುಂದೆ ಹಾಗೇ ಬಂದುಬಿಡುತ್ತೆ.

ಒಂದು ವಿಷಯ ಎಲ್ಲರಿಗೂ ಹೇಳಬೇಕು. ಚುಚ್ಚುವಾಗ ಸೂಜಿ ಇರುತ್ತೆ, ಆದ್ರೆ ಚುಚ್ಚಿದ ಮೇಲೆ ಸೂಜಿಯನ್ನು ಹೊರಗೆ ತೆಗೆದುಬಿಡ್ತೇವೆ. ಒಳಗೆ ಉಳಿಯೋದು ಮೆತ್ತಗಿನ ಸಣ್ಣ ಪ್ಲಾಸ್ಟಿಕ್ ಕೊಳವೆ ಮಾತ್ರ. ಎಷ್ಟೋ ಹಿರಿಯರು ಕೈಯಲ್ಲಿ ಸೂಜಿ ಇದೆ ಅಂತ ಹೆದರಿ ಬೆರಳು ಕೂಡ ಮಡಚಲ್ಲ.

ಅಚ್ಚಗನ್ನಡ:
ಇದಕ್ಕೇ ನಾನು ಹೇಳೋದು. ಇಂಗ್ಲಿಷಿನ ಒಂದೇ ಪದ ತಂದು ಎಲ್ಲ ಕಡೆ ತುರುಕಿದ್ರೆ ಹೀಗೇ ಆಗೋದು. ಕನ್ನಡದಲ್ಲಿ ಬೇರೆ ಬೇರೆ ಪದ ಇವೆ. ಕಾಗದದ ಮೇಲೆ ಗೆರೆ, ಗೀಟು. ಮರಗಳಿಗೆ ಸಾಲು. ಕಂಬಕ್ಕೆ ತಂತಿ. ಕಾಯೋದಕ್ಕೆ ಸರದಿ. ಊಟಕ್ಕೆ ಪಂಕ್ತಿ. ಬಟ್ಟೆಗೆ, ಕತೆಗೆ ಎಳೆ. ಒಂದಕ್ಕೊಂದು ಸೇರೋದೇ ಇಲ್ಲ. ಇಷ್ಟೆಲ್ಲ ಇದ್ದೂ ಲೈನ್ ಯಾಕೆ?

ಕಂಬದ ಮೇಲಿಂದ:
ಸ್ವಾಮಿ, ನಾನು ನಿವೃತ್ತ ಲೈನ್‌ಮನ್. ತಂತಿ ಬೇರೆ, ಲೈನ್ ಬೇರೆ. ಸುರುಳಿ ಸುತ್ತಿ ನೆಲದ ಮೇಲೆ ಬಿದ್ದಿದ್ರೆ ಅದು ತಂತಿ. ಅದನ್ನೇ ಕಂಬಕ್ಕೆ ಏರಿಸಿ, ಪಿಂಗಾಣಿಗೆ ಕಟ್ಟಿ, ಎಳೆದು ಬಿಗಿ ಮಾಡಿ, ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರ್‌ಗೆ, ಸೇರಿಸಿದ ಮೇಲೆ ಲೈನ್. 11 ಕೆವಿ (11 ಸಾವಿರ ವೋಲ್ಟ್) ಲೈನ್ ಒಂದೇ, ಅದರಲ್ಲಿ ತಂತಿ ಮೂರು. "ತಂತಿ ಮುಟ್ಟು" ಅಂದ್ರೆ ನಮ್ಮ ಹುಡುಗರು ಮುಟ್ತಾರೆ. "ಲೈನ್ ಮುಟ್ಟು" ಅಂದ್ರೆ ಯಾರೂ ಮುಟ್ಟಲ್ಲ. ಈ ವ್ಯತ್ಯಾಸ ನಮ್ಮ ಜೀವ ಉಳಿಸಿದೆ.

ಇಲಾಖೆಯ ಕಾಗದದಲ್ಲಿ ನಮ್ಮನ್ನು ಮಾರ್ಗದಾಳು ಅಂತ ಬರೀತಿದ್ರು. ಈಗ ಪವರ್‌ಮ್ಯಾನ್ ಅಂತಾರೆ. ಊರಲ್ಲಿ ಮಾತ್ರ ಇವತ್ತಿಗೂ "ಲೈನ್‌ಮನ್ ಅಣ್ಣ ಬಂದ್ರು" ಅಂತಲೇ ಹೇಳೋದು.

ಎಡಿಸನ್ ಗೆಳತಿ:
ನ್ಯೂಜೆರ್ಸಿಯಿಂದ. ಇಲ್ಲಿ ಸರದಿಗೆ ಲೈನ್ ಅಂತಾರೆ, ಲಂಡನ್‌ನಲ್ಲಿರೋ ನನ್ನ ಅಕ್ಕ ಕ್ಯೂ ಅಂತಾಳೆ. ಊರಲ್ಲಿ ಎರಡೂ ನಡೆಯುತ್ತೆ. ಇನ್ನೊಂದು, ನ್ಯೂಯಾರ್ಕ್ ಹಳಬರು ಸರದಿಯಲ್ಲಿ ನಿಂತಿದ್ದರೆ 'ಇನ್ ಲೈನ್' ಅನ್ನಲ್ಲ, 'ಆನ್ ಲೈನ್' ಅಂತಾರೆ. ಮೊದಲ ಸಲ ಅಂಗಡಿಯಲ್ಲಿ ಒಬ್ಬ ಅಜ್ಜಿ "ನೀನು ಆನ್ ಲೈನಾ?" ಅಂತ ಕೇಳಿದಾಗ ನಾನು ಫೋನ್ ತೆಗೆದು ನೋಡಿಕೊಂಡಿದ್ದೆ.

ಟೋಕನ್ ಗುಂಡು:
ಲೈನ್ ಕ್ಲಿಯರ್! ಇದನ್ನು ಯಾರೂ ಹೇಳಲೇ ಇಲ್ವಲ್ಲ.

ನಮ್ಮಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದರು, ಒಂಟಿ ಹಳಿಯ ಸಣ್ಣ ಸ್ಟೇಷನ್. ಅವರ ಕೋಣೆಯಲ್ಲಿ ಕೆಂಪು ಬಣ್ಣದ ಭಾರದ ಪೆಟ್ಟಿಗೆ ಇತ್ತು. ನೀಲ್ಸ್ ಬಾಲ್ ಟೋಕನ್ ಯಂತ್ರ ಅಂತ ಹೆಸರು. ರೈಲು ಬಿಡೋ ಮೊದಲು ಮುಂದಿನ ಸ್ಟೇಷನ್‌ಗೆ ಗಂಟೆ ಹೊಡೆದು ಲೈನ್ ಕ್ಲಿಯರ್ ಕೇಳಬೇಕು. ಅವರು ಕೊಟ್ಟರೆ ಮಾತ್ರ ಇಲ್ಲಿ ಪೆಟ್ಟಿಗೆಯಿಂದ ಒಂದು ಲೋಹದ ಗುಂಡು ಹೊರಗೆ ಬೀಳುತ್ತೆ. ಒಂದು ಗುಂಡು ಹೊರಗಿದ್ರೆ, ಎರಡೂ ಸ್ಟೇಷನ್‌ನಲ್ಲಿ ಇನ್ನೊಂದು ಗುಂಡು ತೆಗೆಯೋಕೆ ಆಗಲ್ಲ. ಆ ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಎಂಜಿನ್‌ನವರ ಕೈಗೆ ಕೊಡೋರು. ಗುಂಡು ಕೈಯಲ್ಲಿದ್ರೆ ಹಳಿ ಅವರದ್ದು, ಎದುರಿಂದ ರೈಲು ಬರೋಕೆ ಆಗಲ್ಲ.

ಆಗ ನಾನು ಚಿಕ್ಕವಳು. ಒಂದು ಸಲ ಆ ಗುಂಡನ್ನು ಕೈಯಲ್ಲಿ ಹಿಡಿದಿದ್ದೆ. ತಣ್ಣಗಿತ್ತು, ಭಾರ ಇತ್ತು, ಮೇಲೆ ಎರಡು ಸ್ಟೇಷನ್‌ಗಳ ಹೆಸರು ಇತ್ತು. ಅಪ್ಪ ತಕ್ಷಣ ಕಿತ್ತುಕೊಂಡರು. ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ.

ಈಗ ಎಲ್ಲರೂ "ಮದುವೆಗೆ ಅತ್ತೆ ಒಪ್ಪಿದ್ರು, ಲೈನ್ ಕ್ಲಿಯರ್" ಅಂತಾರಲ್ಲ, ಆ ಮಾತು ಹುಟ್ಟಿದ್ದು ರೈಲಿನಲ್ಲಿ.

ಕಂಬದ ಮೇಲಿಂದ:
ತಂಗಿ, ನೀನು ಹೇಳಿದ್ದು ಓದಿ ಮೈ ಜುಂ ಅಂತು. ಯಾಕಂದ್ರೆ ನಮ್ಮಲ್ಲೂ ಲೈನ್ ಕ್ಲಿಯರ್ ಇದೆ. ಎಲ್‌ಸಿ ಅಂತೀವಿ. ಪೂರ್ತಿ ಉಲ್ಟಾ ಅರ್ಥ. ನಿಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರೆ ರೈಲು ಬರ್ತಿದೆ, ಹಳಿ ಮೇಲೆ ಯಾರೂ ಇರಬಾರದು. ನಮ್ಮಲ್ಲಿ ಎಲ್‌ಸಿ ತಗೊಂಡಿದ್ದೀವಿ ಅಂದ್ರೆ ಕರೆಂಟ್ ಸಬ್‌ಸ್ಟೇಷನ್‌ನಲ್ಲಿ ಸಪ್ಲೈ ತೆಗೆದಿದ್ದಾರೆ, ಈಗ ನಮ್ಮ ಹುಡುಗ ಕಂಬ ಹತ್ತಬಹುದು.

ಟೋಕನ್ ಗುಂಡು:
ಅಣ್ಣ, ಕ್ಷಮಿಸಿ, ಉಲ್ಟಾ ಅಲ್ಲ ಅನ್ಸುತ್ತೆ. ಎರಡೂ ಕಡೆ ಲೈನ್ ಕ್ಲಿಯರ್ ಅಂದ್ರೆ ಲೈನ್ ಖಾಲಿ ಇದೆ ಅಂತಲೇ ಅರ್ಥ. ನಮ್ಮಲ್ಲಿ ರೈಲಿಲ್ಲ, ನಿಮ್ಮಲ್ಲಿ ಕರೆಂಟ್ ಇಲ್ಲ. ಖಾಲಿ ಆದ ಮೇಲೆ ಏನು ಬರುತ್ತೆ ಅನ್ನೋದು ಮಾತ್ರ ಬೇರೆ. ನಮ್ಮಲ್ಲಿ ರೈಲು, ನಿಮ್ಮಲ್ಲಿ ಮನುಷ್ಯ.

ಕಂಬದ ಮೇಲಿಂದ:
ಹೌದಲ್ವಾ. ಸರಿಯಾಗಿ ಹೇಳಿದೆ, ಒಪ್ಪಿಕೊಂಡೆ.

ಆದ್ರೆ ನಮ್ಮಲ್ಲಿ ಒಂದು ಕಷ್ಟ ಇದೆ, ಅದನ್ನು ಹೇಳಲೇಬೇಕು. ನಿಮ್ಮ ಗುಂಡು ಹೊರಗಿದ್ರೆ ಇನ್ನೊಂದು ಗುಂಡು ಬರಲ್ಲ. ನಮ್ಮ ಲೈನ್‌ಗೆ ಅಂಥ ಬೀಗ ಇಲ್ಲ. ಎಲ್‌ಸಿ ತಗೊಂಡು ಕಂಬದ ಮೇಲೆ ಇರ್ತೀವಿ. ಕೆಳಗೆ ಯಾವುದೋ ಮನೆಯವರು ಜನರೇಟರ್ ಹಾಕ್ತಾರೆ. ಲೈನ್ ಬಿಡಿಸಿ ಜನರೇಟರ್‌ಗೆ ಬದಲಿಸೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಸುಮ್ನೆ ಮೇನ್‌ಗೆ ಕೊಟ್ಟಿದ್ರೆ ಕರೆಂಟ್ ವಾಪಸ್ ಲೈನ್‌ಗೆ ಬರುತ್ತೆ. ಟಿಸಿಯಲ್ಲಿ ಹಿಂದಕ್ಕೆ ಹೋದ್ರೆ 240 ವೋಲ್ಟ್ ಇದ್ದದ್ದು ಸಾವಿರಾರು ವೋಲ್ಟ್ ಆಗುತ್ತೆ. ಅದಕ್ಕೇ ಕೆಲಸ ಶುರು ಮಾಡೋ ಮೊದಲು ಎರಡೂ ಕಡೆ ಲೈನನ್ನು ನೆಲಕ್ಕೆ ಸೇರಿಸೋ ಅರ್ತ್ ರಾಡ್ ಹಾಕ್ಬೇಕು. ಅವಸರದಲ್ಲಿ ಅದನ್ನು ಬಿಟ್ಟವರನ್ನು ನಾನು ನೋಡಿದ್ದೀನಿ. ನನ್ನ ಜೊತೆ ಕೆಲಸಕ್ಕೆ ಸೇರಿದವನು ಒಬ್ಬ ಹಾಗೇ ಹೋದ. ಅವನ ಮಗಳಿಗೆ ಆಗ ನಾಲ್ಕು ವರ್ಷ.

ಮನೆಗೆ ಜನರೇಟರ್ ಹಾಕೋರು ದಯವಿಟ್ಟು ಚೇಂಜ್‌ಓವರ್ ಹಾಕಿಸಿ. ಟಿಸಿ ಹತ್ರ ಹೋಗಿ ನೀವೇ ಫ್ಯೂಸ್ ಹಾಕೋಕೆ, ಹ್ಯಾಂಡಲ್ ಎತ್ತೋಕೆ ಹೋಗ್ಬೇಡಿ. ಮೇಲೆ ಯಾರಿದ್ದಾರೋ ನಿಮಗೆ ಕಾಣಲ್ಲ.

ರಾಗಿಕಲ್ಲು:
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಮ್ಮೂರಲ್ಲಿ ಎಲ್ಲರೂ ಟಿಸಿ ಫ್ಯೂಸ್ ತಾವೇ ಹಾಕೋದು.

ಲೆಕ್ಕದ ಮೇಷ್ಟ್ರು:
ಕರ್ನಾಟಕದಲ್ಲಿ ಈ ಅರ್ಥದ ಮೊದಲ ದೊಡ್ಡ ಲೈನ್ ಶಿವನಸಮುದ್ರದಿಂದ ಕೆಜಿಎಫ್‌ಗೆ ಹೋದದ್ದು. 1902ರಲ್ಲಿ, ಸುಮಾರು 147 ಕಿ.ಮೀ. ಚಿನ್ನದ ಗಣಿಗೆ ಮೊದಲು ಕರೆಂಟ್ ಹೋಯ್ತು, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ನಮ್ಮ ಜನ ಲೈನ್ ಅನ್ನೋ ಪದವನ್ನು ನೂರಕ್ಕೂ ಜಾಸ್ತಿ ವರ್ಷದಿಂದ ಬಳಸ್ತಿದ್ದಾರೆ. ಇನ್ನು ಅದನ್ನು ಪರದೇಶಿ ಅನ್ನೋದು ಹೇಗೆ?

ಅಚ್ಚಗನ್ನಡ:
ನೂರು ವರ್ಷ ಬಾಡಿಗೆ ಮನೆಯಲ್ಲಿದ್ದ ಮಾತ್ರಕ್ಕೆ ಮನೆ ನಮ್ಮದಾಗಲ್ಲ.

ಲೆಕ್ಕದ ಮೇಷ್ಟ್ರು:
ಮೇಜು, ಕುರ್ಚಿ, ಸಾಬೂನು, ಚಾವಿ ಎಲ್ಲ ಹೊರಗಿಂದಲೇ ಬಂದದ್ದು. ಅವನ್ನೂ ವಾಪಸ್ ಕೊಡ್ತೀರಾ?

ಕಾಫಿ ಹೂ:
ಕೊಡಗಿನವಳು. ನನಗೆ ಲೈನ್ ಅಂದ್ರೆ ಮನೆ.

ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಉದ್ದಕ್ಕೆ ಒಂದೇ ಚಾವಣಿ, ಅದರ ಕೆಳಗೆ ಒಂದಕ್ಕೊಂದು ಅಂಟಿದ ಮನೆಗಳು. ಮುಂದೆ ಒಂದೇ ಉದ್ದದ ಜಗಲಿ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಎಲ್ಲರಿಗೂ ಕೆಮ್ಮು. ಗೋಡೆ ಚಾವಣಿಯವರೆಗೆ ಹೋಗಿರಲಿಲ್ಲ, ಪಕ್ಕದ ಮನೆ ಮಗು ಅತ್ತರೆ ನಮ್ಮಮ್ಮ ಎದ್ದು ಕೂರೋರು. ಮಳೆಗಾಲದಲ್ಲಿ ಹಾಸಿಗೆ ಒಣಗುತ್ತಾನೇ ಇರಲಿಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಹರಡೋರು.

ಶಾಲೆಯಲ್ಲಿ ವಿಳಾಸ ಬರೆಯುವಾಗ ಬೇರೆಯವರು ಊರು, ಮನೆಹೆಸರು ಬರೆಯೋರು. ನಾವು 'ಲೈನ್' ಅಂತ ಬರೀತಿದ್ವಿ. "ಅವಳು ಲೈನ್ ಹುಡುಗಿ" ಅಂದ್ರೆ ಪಟ್ಟಣದಲ್ಲಿ ಅದಕ್ಕೆ ಏನು ಅರ್ಥ ಅಂತ ಕಾಲೇಜಿಗೆ ಹೋದ ಮೇಲೆ ಗೊತ್ತಾಯ್ತು. ಅವತ್ತು ಅತ್ತಿದ್ದೆ. ನಮ್ಮಲ್ಲಿ ಅದು ಬರೀ ವಿಳಾಸ ಆಗಿತ್ತು.

ಹವಾಲ್ದಾರ್:
ಕಾಫಿ ಹೂ ಅವರೇ, ನಿಮ್ಮ ಲೈನ್, ನಮ್ಮ ಲೈನ್ ಒಂದೇ ಬೇರು. ಸೈನ್ಯದಲ್ಲಿ ಬ್ಯಾರಕ್ ಇರೋ ಜಾಗಕ್ಕೆ ಲೈನ್ಸ್ ಅಂತೀವಿ. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ಸಾಲಾಗಿ ಕಟ್ಟಿಸೋರು, ಅದು ಸಿಪಾಯಿ ಲೈನ್ಸ್. ಪೊಲೀಸ್ ಲೈನ್ ಹಾಗೇ ಬಂದದ್ದು. ಸಿವಿಲ್ ಅಧಿಕಾರಿಗಳ ಬಂಗಲೆ ಇದ್ದ ಕಡೆ ಸಿವಿಲ್ ಲೈನ್ಸ್, ದೆಹಲಿಯಲ್ಲಿ ಇನ್ನೂ ಇದೆ. ಎಸ್ಟೇಟ್‌ನವರು ಕೂಲಿಯವರಿಗೆ ಅದೇ ಥರ ಕಟ್ಟಿಸಿ ಅದೇ ಹೆಸರು ಇಟ್ಟರು.

ಗಡಿಯ ಲೈನ್ ಬೇರೆ ಮಾತು. 1949ರಲ್ಲಿ ಅದು ಕದನ ವಿರಾಮ ರೇಖೆ, ಸೀಸ್‌ಫೈರ್ ಲೈನ್. 1972ರ ಸಿಮ್ಲಾ ಒಪ್ಪಂದದ ಮೇಲೆ ನಿಯಂತ್ರಣ ರೇಖೆ, ಎಲ್ಒಸಿ. ನಕ್ಷೆಯಲ್ಲಿ ಒಂದು ಗೆರೆ. ನೆಲದ ಮೇಲೆ ನಿಂತು ನೋಡಿದ್ರೆ ಗೆರೆ ಎಲ್ಲೂ ಕಾಣಲ್ಲ, ಬರೀ ಗುಡ್ಡ, ಹಿಮ.

ಬೋನಸ್ ಪಾಯಿಂಟ್:
ಕಬಡ್ಡಿಯಲ್ಲಿ ಮಿಡ್ ಲೈನ್, ಬಾಕ್ ಲೈನ್, ಬೋನಸ್ ಲೈನ್, ಎಂಡ್ ಲೈನ್. ಗಂಡಸರ ಆಟದಲ್ಲಿ ಮಿಡ್ ಲೈನ್‌ನಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ 1 ಮೀಟರ್. ನಾವು ಊರಲ್ಲಿ ಸುಣ್ಣದಲ್ಲಿ ಎಳೀತಿದ್ವಿ, ಅದಕ್ಕೆ ಗೆರೆ ಅಂತಲೇ ಕರೀತಿದ್ವಿ. ಮ್ಯಾಟ್ ಬಂದ ಮೇಲೆ ಲೈನ್ ಆಯ್ತು!

ಕರಾವಳಿ ವ್ಯಾನ್:
ನಮ್ಮ ಮಂಗಳೂರು ಕಡೆ ಲೈನ್ ಸೇಲ್ ಅಂತ ಇದೆ ಮಾರ್ರೆ. ಬಿಸ್ಕತ್ತು, ಚಿಪ್ಸ್, ಬ್ರೆಡ್ಡು ವ್ಯಾನಿಗೆ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗಿ ಕೊಡುವುದು. ಸೋಮವಾರ ಒಂದು ಲೈನ್, ಮಂಗಳವಾರ ಇನ್ನೊಂದು. "ಅವ ಲೈನಿಗೆ ಹೋಗಿದ್ದಾನೆ" ಅಂದ್ರೆ ಸಂಜೆವರೆಗೆ ಸಿಗುವುದಿಲ್ಲ ಅಂತ ಅರ್ಥ. ಬೆಂಗಳೂರಿನ ನನ್ನ ಭಾವನಿಗೆ "ನಾನು ಲೈನ್‌ನಲ್ಲಿದ್ದೇನೆ" ಅಂದ್ರೆ ಫೋನ್ ಕಟ್ ಮಾಡದೆ ಹಿಡಿದುಕೊಂಡೇ ಕೂತಿದ್ರು.

ನಾಲ್ಕನೇ ಲೈನ್:
ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಲೈನ್ ಅಂದ್ರೆ ಮಷೀನ್‌ಗಳ ಸಾಲು. ಮೊದಲ ಮಷೀನ್‌ನಲ್ಲಿ ಕಾಲರ್, ಆಮೇಲೆ ತೋಳು, ಸೈಡ್ ಹೊಲಿಗೆ, ಕೊನೆಗೆ ಪೂರ್ತಿ ಶರಟು. ನನ್ನದು ಕಫ್. ನಾನು ಬಾತ್‌ರೂಮ್‌ಗೆ ಹೋದ್ರೆ ನನ್ನ ಮುಂದಿನವಳ ಹತ್ರ ಬಟ್ಟೆ ಇರಲ್ಲ, ನನ್ನ ಹಿಂದಿನವಳ ಹತ್ರ ರಾಶಿ ಬೀಳುತ್ತೆ. "ಲೈನ್ ನಿಲ್ತು, ಯಾರಿಂದ ನಿಲ್ತು?" ಅಂತ ಸೂಪರ್‌ವೈಸರ್ ಕೂಗಿದ್ರೆ ಎಲ್ಲರೂ ನನ್ನ ಕಡೆ ನೋಡೋರು. ಅದಕ್ಕೇ ನೀರೇ ಕುಡೀತಿರಲಿಲ್ಲ. ಈಗ ಮನೆಯಲ್ಲೇ ಬ್ಲೌಸ್ ಹೊಲೀತೀನಿ. ಬೇಕಾದಾಗ ಏಳ್ತೀನಿ, ಬೇಕಾದಾಗ ಕೂರ್ತೀನಿ.

ಎಡಿಸನ್ ಗೆಳತಿ:
ಅಕ್ಕ, ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ನಮ್ಮ ಆಫೀಸಲ್ಲಿ ಡೆಡ್‌ಲೈನ್ ಅಂತ ದಿನಾ ಬಾಯಿ ಬಡಿದುಕೊಳ್ಳುತ್ತೇವೆ. ಅದು ಮೊದಲು ನಿಜವಾದ ಗೆರೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಗೋಡೆಯ ಒಳಗೆ ಒಂದು ಗಡಿ ಹಾಕಿದ್ರು. ಅದನ್ನು ದಾಟಿದ ಕೈದಿಗೆ ಗುಂಡು. ಅದಕ್ಕೇ ಡೆಡ್ ಲೈನ್. ಇದು ಗೊತ್ತಾದ ಮೇಲೆ ನಾನು ಟೀಮ್‌ನವರಿಗೆ "ಕೊನೆ ದಿನ" ಅಂತಲೇ ಹೇಳೋದು.

ಅಗಸಿ ಬಾಗಲ:
ಧಾರವಾಡದಾಂವ ನಾನು. ನಮ್ಮಲ್ಲಿ ಲೈನ್ ಅಂದ್ರ ಲೈನ್ ಬಜಾರ್, ಲೈನ್ ಬಜಾರ್ ಅಂದ್ರ ಪೇಡೆ. ಮುಂಜಾನೆ ಆ ಓಣ್ಯಾಗ ಹಾದು ಹೋದ್ರ ಖವಾ ಹುರಿಯೋ ವಾಸನಿ ಮೂಗಿಗೆ ಬಡೀತದ.

ಇನ್ನೊಂದು ಹೇಳ್ತೀನ್ರಿ, ಎಲ್ಲಾರೂ ಕೇಳ್ರಿ. ಲೈನ್ ಅನ್ನೋ ಶಬ್ದ ಲ್ಯಾಟಿನ್ನಿನ ಲಿನಿಯಾದಿಂದ ಬಂದದ್ದು. ಲಿನಿಯಾ ಅಂದ್ರ ನಾರಿನ ದಾರ. ಲಿನಮ್ ಅಂದ್ರ ಅಗಸಿ ಗಿಡ! ಲಿನನ್ ಬಟ್ಟಿ ಅದರಿಂದನ ಆಗೋದು. ನಾವು ಬೀಜಾ ಹುರಿದು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿ ತಿಂತೀವಲ್ಲ, ಅದ ಗಿಡದ ನಾರು. ಅವರು ನಾರು ತಗೊಂಡು ದಾರ ಮಾಡಿದ್ರು, ದಾರ ಎಳದು ಗೆರಿ ಹಾಕಿದ್ರು, ಗೆರಿಯಿಂದ ಇಷ್ಟೆಲ್ಲಾ ಲೈನ್ ಹುಟ್ಟಿದ್ವು.

ಗಾರೆ ಕೆಲಸ:
ಹಾಗಾದ್ರೆ ಹಳೇ ಅರ್ಥ ಇನ್ನೂ ನಮ್ಮ ಹತ್ರ ಇದೆ! ಗೋಡೆ ಕಟ್ಟುವಾಗ ಈ ಮೂಲೆಗೊಂದು, ಆ ಮೂಲೆಗೊಂದು ಇಟ್ಟಿಗೆ ಇಟ್ಟು ಮಧ್ಯೆ ಲೈನ್ ದಾರ ಕಟ್ತೀವಿ. ಇಟ್ಟಿಗೆ ದಾರಕ್ಕೆ ತಾಗಬಾರದು, ಒಂದು ಕೂದಲೆಳೆ ಜಾಗ ಬಿಟ್ಟು ಇಡಬೇಕು. ಒಂದು ಇಟ್ಟಿಗೆ ತಾಗಿ ದಾರವನ್ನು ಹೊರಗೆ ತಳ್ಳಿದ್ರೆ ಮುಂದಿನವೆಲ್ಲ ಹೊಟ್ಟೆ ಬಿಡ್ತವೆ. ತೂಗುಗುಂಡು, ರಸಮಟ್ಟ ಎಲ್ಲ ಆಮೇಲೆ. ಮೊದಲು ದಾರ. ನಮ್ಮಪ್ಪ ಬೆರಳಿಂದ ಅದನ್ನು ಮೀಟಿ, ಸದ್ದು ಕೇಳಿ, "ಇನ್ನೂ ಎಳಿ" ಅನ್ನೋರು.

ಅಚ್ಚಗನ್ನಡ:
ಅಗಸೆಯ ವಿಷಯ ಗೊತ್ತಿರಲಿಲ್ಲ, ಖುಷಿ ಆಯ್ತು. ನೋಡಿ, ಅವರು ದಾರದಿಂದ ಲೈನ್‌ಗೆ ಹೋದ ಹಾಗೆ ನಾವು ಎಳೆಯಿಂದ ಕತೆಯ ಎಳೆಗೆ ಹೋಗಿದ್ದೇವೆ. ಸಿನಿಮಾದವರು "ಒನ್ ಲೈನ್ ಹೇಳಿ" ಅಂತಾರಲ್ಲ, "ಒಂದೆಳೆ ಹೇಳಿ" ಅಂದ್ರೆ ಸಾಕು. ಲೈನ್‌ಮನ್ ಅಣ್ಣನ ಲೈನ್ ಅವರ ಹತ್ರವೇ ಇರಲಿ, ಅದನ್ನು ನಾನು ಬಿಟ್ಟುಕೊಟ್ಟೆ. ಆದ್ರೆ ಎಳೆ ಬಿಡಲ್ಲ.

ಹೊಸ ಓದುಗ:
ಇಂಗ್ಲಿಷಿನಲ್ಲಿ ಜಾಸ್ತಿ ಅರ್ಥ ಇರೋದು ಸೆಟ್‌ಗೆ ಅಲ್ವಾ? ಸೆಟ್ ದೋಸೆ, ಪಂಪ್‌ಸೆಟ್, ಸೆಟ್ ಆಗೋದು.

ಲೆಕ್ಕದ ಮೇಷ್ಟ್ರು:
ಅದು ಹಳೇ ಲೆಕ್ಕ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಸೆಟ್ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ರು. ಆಮೇಲೆ ರನ್ ಅದನ್ನು ಹಿಂದೆ ಹಾಕಿತು, ಕ್ರಿಯಾಪದಕ್ಕೇ 645. ಬೇರೆ ಚರ್ಚೆ ಶುರು ಮಾಡಿ, ಬರ್ತೀನಿ.

ರಾಗಿಕಲ್ಲು:
ಗಾರೆ ಕೆಲಸದವರ ದಾರ ಓದಿ ಅಪ್ಪ ಎದ್ದು ಕೂತರು. ರಾಗಿ ಬಿತ್ತನೆ ನೆನಪಾಯ್ತು ಅವರಿಗೆ. ಕೂರಿಗೆ ಹಿಡಿದವರು ಮುಂದೆ, ಹಿಂದೆ ಅಮ್ಮ ಸಡ್ಡೆಯಲ್ಲಿ ಅವರೆ, ಹುಚ್ಚೆಳ್ಳು ಬಿಡ್ತಾ ಬರೋರು. ಅದು ಅಕ್ಕಡಿ ಸಾಲು, ರಾಗಿ ಮಧ್ಯೆ ಬೇರೆ ಬೆಳೆಯ ಸಾಲು. ಮೊದಲನೇ ಸಾಲು ಸೊಟ್ಟ ಆದ್ರೆ ಹೊಲವೆಲ್ಲ ಸೊಟ್ಟ. ಅಮ್ಮ ತೀರಿಕೊಂಡು ಆರು ವರ್ಷ. "ನಿಮ್ಮಮ್ಮನ ಸಾಲು ಯಾವತ್ತೂ ಸೊಟ್ಟ ಆಗಲಿಲ್ಲ" ಅಂದರು.

ಬೆಳಗಿನ ಪಾಳಿ:
ಇವತ್ತು ಡ್ಯೂಟಿಯಲ್ಲಿ ಒಬ್ಬ ಅಜ್ಜಿಗೆ ಹೊಸದು ಹಾಕಬೇಕಿತ್ತು. "ಅಜ್ಜಿ, ಔಷಧಿ ಹೋಗೋ ಟ್ಯೂಬ್ ಸರಿ ಇಲ್ಲ, ಇನ್ನೊಂದು ಕೈಗೆ ಹಾಕ್ತೀನಿ. ಒಂದು ಸಲ ಚುಚ್ಚುತ್ತೆ, ಆಮೇಲೆ ಸೂಜಿ ತೆಗೀತೀನಿ" ಅಂದೆ. ಅವರೇ ಕೈ ಮುಂದೆ ಚಾಚಿದರು. ಜೂನಿಯರ್ಸ್‌ಗೂ ಹೇಳಿದ್ದೇನೆ. ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ರಾಗಿಕಲ್ಲು:
ತಿಳಿಸಿದೆ. "ಒಳ್ಳೇ ಮಗಳು" ಅಂದರು. ಕಂಬದ ಅಣ್ಣ, ಅಪ್ಪ ನಿಮಗೊಂದು ಪ್ರಶ್ನೆ ಕೇಳಿದ್ದಾರೆ. ನಮ್ಮ ತೋಟದ ಮೇಲೆ ಹೋಗಿರೋ ಲೈನ್ ಜೋತು ಬಿದ್ದಿದೆ. ಮುಸುಕಿನ ಜೋಳ ಎತ್ತರಕ್ಕೆ ಬೆಳೆದ್ರೆ ತಾಗೋ ಹಾಗಿದೆ. ಯಾರಿಗೆ ಹೇಳ್ಬೇಕು?

ಕಂಬದ ಮೇಲಿಂದ:
1912ಗೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಂಬದ ಮೇಲೆ ನಂಬರ್ ಇದ್ರೆ ಅದನ್ನೂ ಹೇಳಿ. ಆಮೇಲೆ ಸೆಕ್ಷನ್ ಆಫೀಸಿಗೆ ಹೋಗಿ ಕಾಗದದಲ್ಲೂ ಬರೆದುಕೊಡಿ. ಅವರು ಬರೋವರೆಗೆ ಆ ಲೈನ್ ಕೆಳಗೆ ಪೈಪ್ ಎತ್ತಿಕೊಂಡು ಓಡಾಡಬೇಡಿ, ಬಿದಿರಿನ ಕೋಲು ಕೊಟ್ಟು ಮೇಲೆತ್ತೋಕೂ ಹೋಗ್ಬೇಡಿ. ಯಾವ ಊರು ಅಂತ ನನಗೆ ಮೆಸೇಜ್ ಮಾಡಿ. ಆ ಕಡೆ ನನಗೆ ಗೊತ್ತಿರೋ ಹುಡುಗರು ಇದ್ದಾರೆ, ವಿಚಾರಿಸ್ತೀನಿ.